ಹನ್ನೊಂದನೇ ಕುಳಿಯಲ್ಲಿ ಸರದಿ ತಪ್ಪಿದವಳು

ಎಫಿ,

ನೀನು ಸತ್ತು ಏಳು ವರ್ಷದ ಮೇಲೆ ನಮ್ಮ ಕ್ಲಬ್ಬು ಮಹಿಳೆಯರ ಗಾಲ್ಫ್ ಕಪ್ಪಿನ ಚರಿತ್ರೆ ಅಚ್ಚು ಹಾಕಿಸಿದೆ. ಒಂದೇ ಚೆಂಡನ್ನು ಇಬ್ಬರು ಸರದಿಯಂತೆ ಹೊಡೆಯುವ ಜೋಡಿಯಾಟದಲ್ಲಿ ಸರದಿ ತಪ್ಪಿ ಹೊಡೆದು, ಅಮೆರಿಕದವರಿಗೆ ಕಪ್ಪು ಬಿಟ್ಟುಕೊಟ್ಟವಳು ನೀನಂತೆ!

“ಅವಳಲ್ಲ, ತಿದ್ದಿ,” ಎಂದು ಕಾರ್ಯದರ್ಶಿಯ ಮೇಲೆ ರೇಗಿದೆ.

“ಮತ್ಯಾರು ಮಿಸೆಸ್ ಲೋಗನ್? ಜೋಡೀಲಿದ್ದೋರು ನೀವಿಬ್ರೇ ತಾನೇ?”

“ನೆನಪಿಲ್ಲ.”

“ವಾರವಾರ ಹಳೇದೆಲ್ಲ ಕೆದಕಿ ಪೇಪರಿಗೆ ಬರೀತೀರಿ, ಇದೊಂದು ಮರ್ತೋಯ್ತಾ?”

ಸಿಟ್ಟಿನಿಂದ ಆ ತಪ್ಪು ನಡೆದ ಹನ್ನೊಂದನೇ ಕುಳಿಗೇ ಹೋಗಿ, ಒಬ್ಬಳೇ ಒಂದು ಚೆಂಡು ಹೊಡೆದೆ. ಅದು ಮರಳಗುಂಡಿಗೆ ಬಿದ್ದದ್ದನ್ನು ಕಣ್ಣಾರೆ ಕಂಡೆ. ಹತ್ತಿರ ಹೋದರೆ ಮರಳಲ್ಲಿ ಚೆಂಡು ಬಿದ್ದ ತಗ್ಗಿತ್ತು, ಒಂದೂ ಹೆಜ್ಜೆಗುರುತಿರಲಿಲ್ಲ. ಚೆಂಡು ಮಾತ್ರ ಗುಂಡಿಯಾಚೆ ಹುಲ್ಲಿನ ಮೇಲೆ, ಕುಳಿಯಿಂದ ಗೇಣುದೂರದಲ್ಲಿ ಕೂತಿತ್ತು. ಆಗೆಲ್ಲ ಮರಳಿನಿಂದ ನೀನು ಹೊಡೆದ ಮೇಲೆ ನನಗೆ ಅಷ್ಟೇ ಉಳಿಯುತ್ತಿತ್ತು.

ಅದನ್ನು ಕುಳಿಗೆ ತಳ್ಳಲು ಮನಸ್ಸು ಬರಲಿಲ್ಲ. ಅಲ್ಲೇ ಬಿಟ್ಟು ಹೋಗಿ, ಈ ಸಲ ನನ್ನ ಹೆಸರು ಹೇಳಲು ಕಾರ್ಯದರ್ಶಿಯ ಬಾಗಿಲು ಮತ್ತೆ ತಟ್ಟಿದೆ.