ಸಮುದ್ರದಂಡೆಯ ಕೋಟೆಗೆ

ವಿಲೋ ಕೋಟೆ, ಸಸ್ಕಾಚೆವಾನ್ ನದಿ
೧೧ ಫೆಬ್ರವರಿ ೧೮೨೩

ಪ್ರೀತಿಯ ಆಂಜೆಲಿಕ್ ಅಕ್ಕನಿಗೆ,

ತಂಗಿಯ ಅಪ್ಪುಗೆ. ನಾನು ಉಸಿರಾಡಿಕೊಂಡಿದ್ದೇನೆ, ನೀವೆಲ್ಲ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಬೈಯಬೇಡ. ಶಾಯಿ ಹೆಪ್ಪುಗಟ್ಟಿತ್ತು ಎನ್ನುವುದು ನೆಪ. ಬರೆಯಲು ಕೂತರೆ ಅಳುವೇ ಬರುತ್ತಿತ್ತು.

ತುಪ್ಪಳ ವ್ಯಾಪಾರದ ಕಂಪನಿಗಳೆರಡೂ ಒಂದಾದ ಮೇಲೆ ನದಿಯುದ್ದಕ್ಕೂ ಕೋಟೆಗಳಿಗೆ ಬೀಗ ಬೀಳುತ್ತಿದೆಯಲ್ಲ, ಈಗ ನಮ್ಮದರ ಸರದಿ. ಹಿಮ ಕರಗಿದೊಡನೆ ಬೀವರ್ ತೊಗಲಿನ ಮೂಟೆಗಳ ಜೊತೆ ಜನರನ್ನೂ ದೋಣಿಗೆ ತುಂಬುತ್ತಾರೆ. ಕೋಟೆಯ ಯಜಮಾನ ಫೋರ್ಬ್ಸ್ ನನ್ನನ್ನು ಕರೆಸಿ, “ನೋಡಮ್ಮ, ಗಂಡ ಜೊತೆಗಿಲ್ಲದ ಹೆಂಗಸಿಗೆ ದೋಣೀಲಿ ಜಾಗ ಇಲ್ಲ. ನಿಮ್ಮ ತಾಯಿ ಕಡೆಯೋರ ಹತ್ರ ಹೋಗು,” ಅಂದರು.

“ನನ್ನ ಗಂಡ ಮರ್ಡೋ, ಮಗಳನ್ನ ಓದಿಸೋಕೆ ಸ್ಕಾಟ್ಲೆಂಡಿಗೆ ಹೋಗಿದ್ದಾನೆ, ಅಷ್ಟೆ. ಬರ್ತಾನೆ,” ಅಂದೆ. ಅವರು ಕಿಟಕಿಯತ್ತ ತಿರುಗಿದರು.

ನಮ್ಮ ಸೋದರಮಾವ ಅಮ್ಮನ ಕ್ರೀ ಜನರ ಪಾಳೆಯದಿಂದ ಬಂದಿದ್ದ. “ಬಾರೇ, ಕಾಡೆಮ್ಮೆ ಹಿಂದೆ ಹೋಗೋಣ. ಈ ಮರದ ಗೋಡೆ ಒಳಗೆ ಕೂತೂ ಕೂತೂ ಬಿಳಿಯೋರ ಥರ ಬಿಳಿಚಿಕೊಂಡಿದ್ದೀಯ,” ಎಂದು ಛೇಡಿಸಿದ. ಆಸೆಯೇನೋ ಆಯಿತು. ಆದರೆ ಬಯಲಲ್ಲಿ ಅಲೆಯುವ ಡೇರೆಯನ್ನು ನನ್ನ ಇಸೊಬೆಲ್ ಎಲ್ಲಿ ಹುಡುಕಿಯಾಳು? ಇಲ್ಲಿಂದ ಹೋಗುವಾಗ ಅವಳಿಗಿನ್ನೂ ಆರು ವರ್ಷ. ಇಲ್ಲೇ ಇರುವಂತಿಲ್ಲ, ಎಲ್ಲಿಗೂ ಹೋಗುವಂತಿಲ್ಲ.

ಆಗ ಬಡಗಿ ಮ್ಯಾಗ್ನಸ್ ಬಂದ. ಆರ್ಕ್ನಿ ದ್ವೀಪದವನು, ವಯಸ್ಸಾಗುತ್ತಿದೆ, ಒಳ್ಳೆಯವನು. ಅವನನ್ನು ಸಮುದ್ರದಂಡೆಯ ಕೋಟೆಗೆ ಹಾಕಿದ್ದಾರೆ. “ನಿಂಗೆ ನನ್ನ ಮೇಲೆ ಮನಸ್ಸಿಲ್ಲ, ಗೊತ್ತು ಕಣೆ. ಆದ್ರೆ ಪ್ರತಿ ಬೇಸಿಗೆ ಅಲ್ಲಿಗೆ ಹಡಗು ಬರುತ್ತೆ. ಮಗಳು ಬಂದ್ರೆ ಮೊದಲು ಇಳಿಯೋದು ಅಲ್ಲೇ ತಾನೆ?” ಅಂದ. ಕಳೆದ ಭಾನುವಾರ ಎಲ್ಲರ ಮುಂದೆ ಅವನ ಕೈ ಹಿಡಿದೆ. ಅವನ ಗೊರಕೆಗೆ ಗೋಡೆ ಅದುರುತ್ತದೆ, ನೀನಿದ್ದಿದ್ದರೆ ನಗುತ್ತಿದ್ದೆ.

ನಿನ್ನ ಮಕ್ಕಳು ಹಸಿವರಿಯದೆ ಬೆಳೆಯಲಿ, ನಿನ್ನ ಒಲೆ ಆರದಿರಲಿ.

ನಿನ್ನ ತಂಗಿ,
ಸುಜೆಟ್

ಮಡಿಸಿದ್ದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಇದನ್ನು ಒಯ್ಯಲಿರುವ ನಾಯಿಬಂಡಿಯ ಬತಿಸ್ತ್ ಈಗತಾನೆ ಊಟಕ್ಕೆ ಕೂತಿದ್ದ. ಹಡಗಿನವರ ಬಾಯಿಂದ ಕೇಳಿದ್ದನ್ನು ಹೇಳಿದ: ಮರ್ಡೋ ಸ್ಕಾಟ್ಲೆಂಡಿನಲ್ಲೇ ಮದುವೆಯಾಗಿದ್ದಾನೆ. ಅದನ್ನು ನಾನು ಎಂದೋ ಊಹಿಸಿದ್ದೆ. ಆಮೇಲೆ ಅವನು ತಲೆಯೆತ್ತದೆ, “ಮಗೂಗೆ ‘ನಿಮ್ಮಮ್ಮ ಜ್ವರ ಬಂದು ಸತ್ತೋದ್ಲು’ ಅಂತ ಹೇಳಿದ್ದಾರಂತೆ. ಹೊಸಬಳನ್ನೇ ಅಮ್ಮ ಅಂತಾಳಂತೆ,” ಅಂದ.

ಅಕ್ಕ, ಅವಳು ಯಾವ ಹಡಗನ್ನೂ ಹತ್ತುವುದಿಲ್ಲ. ಮ್ಯಾಗ್ನಸ್ ಹೊರಗೆ ನಮ್ಮ ಪೆಟ್ಟಿಗೆಗೆ ಮೊಳೆ ಹೊಡೆಯುತ್ತಿದ್ದಾನೆ. ಹೊಸ ಮನೆಗೆ ಸಮುದ್ರ ಕಾಣುವಂತೆ ಕಿಟಕಿ ಇಡುತ್ತಾನಂತೆ. ಅವನಿಗೆ ಇನ್ನೂ ಹೇಳಿಲ್ಲ.