ಲಾಸಾರೋ ಒಪ್ಪಿಕೊಂಡ ಪಾತ್ರ

ಲಾಸ್ ಏಂಜಲಿಸ್, ೯ ಮಾರ್ಚ್ ೧೯೭೧, ಮಂಗಳವಾರ

ಲಾಸಾರೋ ಆ ಪಾತ್ರ ಒಪ್ಪಿಕೊಂಡಿದ್ದಾನೆ. ಮೆಕ್ಸಿಕನ್ನರನ್ನು ಕಳ್ಳರೆಂದು ತೋರಿಸುವ ಸಿನಿಮಾಗಳಲ್ಲಿ ಇನ್ನು ನಟಿಸುವುದಿಲ್ಲ ಎಂದು ಸ್ಟುಡಿಯೋ ಗೇಟಿನೆದುರು ನನ್ನ ಜೊತೆ ಆಣೆ ಮಾಡಿದವನು! ಇಪ್ಪತ್ತಾರು ವರ್ಷ ತೆರೆಯ ಮೇಲೆ ಅಂಥ ಕಳ್ಳನಾಗಿ ಸಾಯುತ್ತಲೇ ಹೊಟ್ಟೆ ಹೊರೆದ ನಾನು, ಹೋದ ವಾರ ಅದೇ ಪಾತ್ರವನ್ನು ಬೇಡವೆಂದು ಬಂದಿದ್ದೆ.

ಸಂಜೆ ಅವನೇ ಮನೆಗೆ ಬಂದ. ಕ್ಷಮೆ ಕೇಳುತ್ತಾನೆಂದುಕೊಂಡೆ.

“ಎವಾರಿಸ್ತೋ ಅಣ್ಣಾ, ಗುಂಡು ತಿಂದು ಕುದುರೆ ಮೇಲಿಂದ ಬೀಳ್ಬೇಕಂತೆ. ನಿನ್ನ ಥರ ಬೀಳೋರು ಯಾರಿದ್ದಾರೆ? ಒಂಚೂರು ಹೇಳ್ಕೊಡು.”

“ಆಣೆ ಏನಾಯ್ತೋ?”

“ನೀನು ಬಿಟ್ರೆ ಇನ್ನೊಬ್ಬ ತಗೊಂಡೇ ತಗೋತಾನಲ್ಲ, ನಾನೇ ಯಾಕಾಗ್ಬಾರ್ದು?”

ಕತ್ತು ಮುರಿದುಕೊಂಡಾನೆಂದು ಹಿತ್ತಲ ಹುಲ್ಲಿನ ಮೇಲೆ ಮೂರು ಸಲ ಬಿದ್ದು ತೋರಿಸಿದೆ. ಚಪ್ಪಾಳೆ ತಟ್ಟಿದ. ಒಂದು ಕ್ಷಣ ನನಗೂ ಹಿಗ್ಗಾಯಿತು, ಅದನ್ನೇ ಸಹಿಸಲಾಗುತ್ತಿಲ್ಲ. ನಾಳೆ, ಆಣೆ ಮಾಡಿದ ನಮ್ಮ ನಟರ ಸಂಘದ ಸಭೆಯಲ್ಲಿ, ಅವನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಬೇಕು. ಅವನಿಗೆ ಬೀಳಲು ಕಲಿಸಿದವನು ಯಾರೆಂದು ಯಾರಾದರೂ ಕೇಳಿದರೆ ನಾನು ಏನು ಹೇಳಲಿ?