ಭಾವನ ಕಾಲಿನ ಎಣ್ಣೆ

ಶಿಕಾರಿಪುರ
೨೦-೧-೨೦೨೫, ಸೋಮವಾರ

ಪ್ರೀತಿಯ ಅಕ್ಕಾ,

ಸಮಸ್ತ ಬಂಧುಬಾಂಧವರಿಗೆ, ಊರ ಹಿರಿಯರಿಗೆ ಹಾಗೂ ಹುಚ್ಚರಾಯಪ್ಪನ ಸೈಕಲ್ ಶಾಪಿನ ಮುಂದೆ ದಿನವೂ ಸಭೆ ಸೇರುವ ಗಣ್ಯರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಿನ್ನೆ ಭಾನುವಾರ ಬೆಳಿಗ್ಗೆ ಆರೂ ಹತ್ತಕ್ಕೆ ಸರಿಯಾಗಿ, ಐವತ್ತೇಳು ವರ್ಷದ, ಗೊಬ್ಬರದ ಅಂಗಡಿಯ ಮಾಲೀಕನಾದ, ಮರ್ಯಾದಸ್ಥ ಮನೆತನದ ನಿನ್ನ ತಮ್ಮನು ಹಿಂಭಾಗಕ್ಕೆ ಮೆತ್ತೆ ಹೊಲಿದ ಸೈಕಲ್ ಚಡ್ಡಿಯನ್ನು ಧರಿಸಿ, ಬಸ್ ಸ್ಟ್ಯಾಂಡಿನ ಮುಂದೆ ಬಹಿರಂಗವಾಗಿ ಹಾದುಹೋದನು. ಯಾವ ಅನಾಹುತವೂ ಸಂಭವಿಸಲಿಲ್ಲ. ಒಬ್ಬ ಮುದುಕ ಮಾತ್ರ ಬೀಡಿಯನ್ನು ಬಾಯಿಂದ ತೆಗೆದು, "ಏನ್ ಆಪರೇಸನ್ ಆತ್ರಿ ಸಾವ್ಕಾರ್ರೆ?" ಎಂದು ಬಹಳ ಕನಿಕರದಿಂದ ವಿಚಾರಿಸಿದ.

ನಿನ್ನ ಮಂಡಿನೋವು ಹೇಗಿದೆ? ಬಿ.ಪಿ. ಮಾತ್ರೆಯನ್ನು ನುಂಗುತ್ತಿದ್ದೀಯೋ ಅಥವಾ ಹಿಂದಿನಂತೆ ಡಬ್ಬಿಯಲ್ಲಿ ಭದ್ರವಾಗಿ ಕಾಪಾಡುತ್ತಿದ್ದೀಯೋ? ಶೃತಿಯ ಮಗನಿಗೆ ಹಲ್ಲು ಬಂತೆಂದು ಕೇಳಿದೆ. ಮೊದಲು ಕಚ್ಚಿದ್ದು ಅಳಿಯನನ್ನೇ ಎಂದು ಕೇಳಿ ಇನ್ನೂ ಸಂತೋಷವಾಯಿತು. ಇಲ್ಲಿ ಎಲ್ಲರೂ ಕ್ಷೇಮ. ನಮ್ಮ ಸಂಗೀತನ ಮದುವೆ ಮಾರ್ಚ್ ಒಂಬತ್ತಕ್ಕೆ ಎಂದು ನಿನಗೆ ಹೇಳಿಯಾಗಿದೆ. ಫೋನು ಇರುವಾಗ ಇವನಿಗೆ ಕಾಗದ ಬರೆಯುವ ಹುಚ್ಚು ಏಕೆ ಹಿಡಿಯಿತು ಎಂದು ನೀನು ಕೇಳುತ್ತೀ. ಹೋದ ವಾರ ನೀನಿರುವ ಶೃತಿಯ ಮನೆಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಮಾತು ಗಂಟಲವರೆಗೆ ಬಂತು, ಮೂರು ಸಲವೂ "ದಾವಣಗೆರೆಲಿ ಚಳಿ ಹೆಂಗಿದೆ?" ಎಂದು ಕೇಳಿ ಇಟ್ಟೆ. ಕಡೆಯ ಸಲ ನೀನೇ, "ನಿಂಗೇನು ಹವಾಮಾನ ಇಲಾಖೇಲಿ ಕೆಲ್ಸ ಸಿಕ್ತೇನೋ?" ಎಂದೆ. ನಿನಗೆ ಹೇಳಲೇಬೇಕಾದ ಒಂದು ಮಾತಿದೆ ಅಕ್ಕಾ. ಅದನ್ನು ಕೇಳಿದ ಮೇಲೆ ನೀನು ಮದುವೆಗೆ ಬರುತ್ತೀಯೋ ಇಲ್ಲವೋ ನನಗೆ ತಿಳಿಯದು. ಹೇಳದೆ ನಿನ್ನ ಕೈಯಿಂದ ಮಗಳಿಗೆ ಅಕ್ಷತೆ ಹಾಕಿಸಲು ಮಾತ್ರ ನನ್ನಿಂದ ಆಗುವುದಿಲ್ಲ.

ನಿನ್ನೆ ನಾನು ಹೋದದ್ದು ಗುಡವಿಯ ಹಕ್ಕಿಗಳ ಕೆರೆಗೆ. ಹೋದ ವರ್ಷ ಇದೇ ತಿಂಗಳು ಭಾವ ಮತ್ತು ನಾನು ಕೊನೆಯ ಸಲ ಸವಾರಿ ಹೋದ ಅದೇ ದಾರಿ. ನಾನು ಇಲ್ಲಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ, ಅವರು ಆನವಟ್ಟಿಯ ನಿಮ್ಮ ಮನೆಯಿಂದ ನೇರ ಸೊರಬಕ್ಕೆ. ಅಲ್ಲಿ ಟೀ, ಆಮೇಲೆ ಜೊತೆಯಲ್ಲಿ ಕೆರೆಗೆ ಎಂದು ಹನ್ನೊಂದು ವರ್ಷದ ಕರಾರು ನಮ್ಮದು. ನಿನ್ನೆ ಟೀ ಅಂಗಡಿಯವನು ಕೇಳದೆಯೇ ಎರಡು ಲೋಟ ತಂದಿಟ್ಟ. ಹಿಂದಕ್ಕೆ ಕೊಡಲು ಮನಸ್ಸಾಗದೆ ಎರಡನ್ನೂ ಕುಡಿದೆ, ಒಂದು ಸಕ್ಕರೆ ಇಲ್ಲದ್ದು. ಮುಂದಿನ ದಾರಿಯನ್ನು ನೀನು ಬಸ್ಸಿನಿಂದಷ್ಟೇ ನೋಡಿದ್ದೀ, ಅದೂ ಕಣ್ಣು ಮುಚ್ಚಿಕೊಂಡು. ಗದ್ದೆ ಕೊಯ್ದಾಗಿದೆ, ಕೂಳೆಯ ನಡುವೆ ನಿಂತ ನೀರಿನಲ್ಲಿ ಬೆಳ್ಳಕ್ಕಿಗಳು ಪಂಚಾಯ್ತಿ ಸದಸ್ಯರ ಹಾಗೆ ಒಂದೊಂದು ಮೂಲೆ ಹಿಡಿದು ನಿಂತಿರುತ್ತವೆ. ಆಮೇಲೆ ಸಾಗುವಾನಿ, ಆಮೇಲೆ ಕಾಡು, ಮತ್ತೆ ಕೆರೆ. ದೊಡ್ಡ ಏರುಗಳೇನಿಲ್ಲ. ಇದ್ದ ಸಣ್ಣ ಏರುಗಳಲ್ಲೆಲ್ಲ ಭಾವನಿಗೆ ತಪ್ಪದೆ ಒಂದು ಹಕ್ಕಿ ಕಾಣುತ್ತಿತ್ತು. ಸೈಕಲ್ಲಿನಿಂದ ಇಳಿದು, ಸೊಂಟದ ಮೇಲೆ ಕೈ ಇಟ್ಟು, ಏದುಸಿರು ಬಿಡುತ್ತಾ, "ಗುರೂ, ಅಲ್ನೋಡು, ಅಪರೂಪದ್ದು" ಎನ್ನುತ್ತಿದ್ದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದ ಮನುಷ್ಯನಿಗೆ ಇಳಿಜಾರಿನಲ್ಲಿ ಒಂದೇ ಒಂದು ಹಕ್ಕಿಯೂ ಯಾಕೆ ಕಾಣಲಿಲ್ಲ ಎಂಬ ಲೆಕ್ಕವನ್ನು ನಾನು ಹನ್ನೊಂದು ವರ್ಷ ಕೇಳುತ್ತಲೇ ಇದ್ದೆ. ನಿನ್ನೆ ಅದೇ ಏರಿನಲ್ಲಿ ನಾನೂ ಇಳಿದು ನಿಂತೆ. ಚಡ್ಡಿಯ ಮೆತ್ತೆಗೆ ಗುಂಡಿಗೆಯ ಉಸ್ತುವಾರಿ ಇಲ್ಲ ನೋಡು. ತಲೆ ಎತ್ತಿದರೆ ನಿಜವಾಗಿಯೂ ಒಂದು ಹಕ್ಕಿ ಕೂತಿತ್ತು, ನೀಲಿ ರೆಕ್ಕೆಯದು. ತೋರಿಸಲು ಯಾರೂ ಇರಲಿಲ್ಲ.

ಕುಪ್ಪಗಡ್ಡೆಯ ಕಡೆಯಿಂದ ವಾಪಸು ಬರುವ ಕಾಡುದಾರಿಯಲ್ಲಿ ಆ ಜಾಗಕ್ಕೂ ಹೋದೆ. ಅಂದು ನಾವಿಬ್ಬರೂ ಗುಡವಿಯಿಂದ ಕುಪ್ಪಗಡ್ಡೆಗೆ ಹೋಗಿ, ಈಗ ಸಂಗೀತನಿಗೆ ನಿಶ್ಚಯವಾಗಿರುವ ಹುಡುಗನ ಮನೆಯಲ್ಲಿ ಮೊದಲ ಮಾತುಕತೆ ಮುಗಿಸಿ ಹೊರಟಿದ್ದೆವು. ಪಂಕ್ಚರ್ ಆದದ್ದು ನನ್ನ ಸೈಕಲ್ಲು. ಅದು ನಿನಗೆ ಗೊತ್ತು. ನನಗೆ ಗೊಬ್ಬರದ ಮೂಟೆ ಹೊಲಿಯಲು ಬರುತ್ತದೆ, ಟ್ಯೂಬಿಗೆ ತೇಪೆ ಹಾಕಲು ಬರುವುದಿಲ್ಲ ಎಂಬುದೂ ಗೊತ್ತು. ಭಾವ ಪ್ಯಾಂಟಿನ ಕಾಲು ಮಡಚಿ ತರಗೆಲೆಯ ಮೇಲೆ ಕೂತು ಮುಕ್ಕಾಲು ಗಂಟೆ ರಿಪೇರಿ ಮಾಡಿದರು. ನಾನು ಡಾಂಬರಿನ ಮೇಲೆ ನಿಂತು ಸಲಹೆ ಕೊಟ್ಟೆ. ತರಗೆಲೆಯೊಳಗಿನ ಉಣುಗು, ಆ ರಕ್ತ ಹೀರುವ ಹುಳ, ಯಾವಾಗ ಕಚ್ಚಿತೋ ಯಾರಿಗೂ ತಿಳಿಯಲಿಲ್ಲ. ಆರನೇ ದಿನ ಜ್ವರ, ಆಮೇಲೆ ಶಿವಮೊಗ್ಗ, ಆಮೇಲೆ ಕ್ಯಾಸನೂರಿನ ಹೆಸರು ಹೊತ್ತ ಆ ಮಂಗನ ಕಾಯಿಲೆ ಎಂದು ರಿಪೋರ್ಟು. ಹನ್ನೆರಡು ದಿನಕ್ಕೆ ಭಾವ ಹೋದರು. ನಿನ್ನೆ ಅಲ್ಲಿ ಹೊಸ ತರಗೆಲೆ ಬಿದ್ದಿತ್ತು. ಸೈಕಲ್ ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತು ಬಂದೆ.

ಆಶಾ ಕಾರ್ಯಕರ್ತೆ ಲೋಕಮ್ಮ ಉಣುಗು ಹತ್ತದಿರಲೆಂದು ಕಾಡಿಗೆ ಹೋಗುವವರಿಗೆಲ್ಲ ಕೊಟ್ಟಿದ್ದ ಎಣ್ಣೆಯ ಬಾಟಲಿಯನ್ನು ನೀನೇ ಅವರ ಚೀಲಕ್ಕೆ ಹಾಕಿ, "ಕೈಕಾಲಿಗೆಲ್ಲ ಹಚ್ಕಂಡೇ ಕಾಡಿಗೆ ಕಾಲಿಡ್ಬೇಕು" ಎಂದು ಕಳಿಸಿದ್ದೆಯಂತೆ. ಸಂಜೆ ಮನೆಗೆ ಬಂದಾಗ ಅವರ ಮೈಯಲ್ಲಿ ಎಣ್ಣೆಯ ವಾಸನೆಯೇ ಇರಲಿಲ್ಲ ಎಂದು ನೀನು ವರ್ಷವಿಡೀ ಹೇಳಿದ್ದೀ. ಮೊನ್ನೆ ಶೃತಿ ಫೋನ್ ಮಾಡಿದ್ದಳು. "ಮಾವಾ, ಅಮ್ಮ ದಿನಾ ಬೆಳಿಗ್ಗೆ ಅಪ್ಪನ ಫೋಟೋಕ್ಕೆ ಬೈತಾಳೆ. ಹೇಳಿದ್ ಒಂದ್ ಮಾತು ಕೇಳ್ದೆ ಹೋದ್ರಿ, ನನ್ ಮಾತಿಗೆ ಅಷ್ಟೂ ಬೆಲೆ ಇಲ್ದೆ ಹೋಯ್ತಾ ಅಂತಾಳೆ. ಬೈದಾದ ಮೇಲೆ ವಿಭೂತಿ ಹಚ್ತಾಳೆ" ಎಂದು ನಗಲು ಹೋಗಿ ಅತ್ತಳು. ಅದಕ್ಕೇ ನಿನ್ನೆ ಸೈಕಲ್ ಹೊರಗೆ ತೆಗೆದೆ. ಅದೇ ದಾರಿಯಲ್ಲಿ ಹೋಗಿ ಬಂದರೆ ಬರೆಯಲು ಧೈರ್ಯ ಬರಬಹುದು ಎಂದುಕೊಂಡೆ. ತೊಡೆನೋವು ಬಂದಿದೆ.

ಮಗುವಿನ ಕೆನ್ನೆಗೆ ನನ್ನ ಪರವಾಗಿ ಒಂದು ಮುತ್ತು, ಅಳಿಯನ ಗಾಯಕ್ಕೆ ಸಹಾನುಭೂತಿ. ನಿನ್ನ ನಾದಿನಿ ಮಂಡಿಗೆ ಬಿಸಿ ಉಪ್ಪಿನ ಶಾಖ ಕೊಟ್ಟುಕೊಳ್ಳಲು ಹೇಳಿದ್ದಾಳೆ. ದೊಡ್ಡವಳು ನೀನು, ಆಶೀರ್ವಾದ ನಾನು ಬೇಡಬೇಕು. ಇವತ್ತು ಬೇಡಲು ನಾಲಿಗೆ ಏಳುತ್ತಿಲ್ಲ.

ನಿನ್ನ ತಮ್ಮ,
ಗುರುಪ್ರಕಾಶ್

ವಿ.ಸೂ.: ಅಕ್ಕಾ, ಪೋಸ್ಟ್ ಡಬ್ಬಿ ತೆಗೆಯುವ ಹೊತ್ತಾಯಿತು, ಚುಟುಕಾಗಿ ಬರೆಯುತ್ತೇನೆ. ಭಾವ ಎಣ್ಣೆ ಹಚ್ಚಿಕೊಂಡಿದ್ದರು. ಸೊರಬದಲ್ಲಿ, ಟೀ ಬರುವ ಮೊದಲೇ, ನನ್ನ ಕಣ್ಣೆದುರಿಗೆ, ಎರಡೂ ಕೈಗೆ, ಎರಡೂ ಕಾಲಿಗೆ, "ನಿಮ್ಮಕ್ಕನ ಆರ್ಡರ್ ಮಾರಾಯ" ಎನ್ನುತ್ತಾ ಹಚ್ಚಿಕೊಂಡರು. ಅದನ್ನು ತೊಳೆಸಿದವನು ನಾನು. ಗುಡವಿಯ ನಲ್ಲಿಯ ಹತ್ತಿರ ನಿಲ್ಲಿಸಿ, "ಭಾವ, ಮೊದಲ್ನೇ ಸಲ ಬೀಗರ ಮನಿಗೆ ಹೋಗ್ತಿದೀವಿ. ಈ ವಾಸ್ನೆ ಇಟ್ಕಂಡು ಅವರ ಸೋಫಾ ಮೇಲೆ ಕೂತ್ಕಂತೀರಾ? ಹೆಣ್ಣಿನ ಕಡೆಯೋರು ನಾವು" ಎಂದೆ. ಅವರು ಒಂದು ಮಾತೂ ಎದುರಾಡದೆ ನನ್ನ ಸೋಪು ಇಸಿದುಕೊಂಡು ತಿಕ್ಕಿ ತಿಕ್ಕಿ ತೊಳೆದು, ಬಾಟಲಿಯನ್ನು ನನ್ನ ಕೈಗೆ ಕೊಟ್ಟು, "ವಾಪಸ್ ಹೊರಡೋವಾಗ ಮತ್ತೆ ಹಚ್ಕಬೇಕು, ನೆನಪು ಮಾಡು" ಎಂದರು. ಬೀಗರು ಒಪ್ಪಿದ ಖುಷಿಯಲ್ಲಿ ನಾನು ನೆನಪು ಮಾಡಲಿಲ್ಲ. ಅವರು ತರಗೆಲೆಯ ಮೇಲೆ ಕೂತಾಗ ಬಾಟಲಿ ನನ್ನ ಬೆನ್ನ ಮೇಲಿನ ಬ್ಯಾಗಿನಲ್ಲೇ ಇತ್ತು. ಆಸ್ಪತ್ರೆಯಲ್ಲಿ ನೀನು "ಹಚ್ಕಂಡಿದ್ರೋ ಇಲ್ವೋ, ನಿಜ ಹೇಳ್ರಿ" ಎಂದು ಕೇಳಿದಾಗ ಅವರು ಮೊದಲು ನನ್ನ ಮುಖ ನೋಡಿದರು, ಆಮೇಲೆ ನಿನ್ನ ಕಡೆ ತಿರುಗಿ "ಮರ್ತೆ ಕಣೇ" ಎಂದರು. ನಾನು ಎಳನೀರಿಗೆ ಸ್ಟ್ರಾ ಹಾಕುತ್ತಾ ನಿಂತಿದ್ದೆ. ನಾಳೆಯಿಂದ ಆ ಫೋಟೋಕ್ಕೆ ಬೈಯಬೇಡ ಅಕ್ಕಾ, ಅವರು ನಿನ್ನ ಮಾತು ಕೇಳಿದ್ದರು.

ಪ್ರೆಸ್ಸಿನ ಉಚ್ಚಂಗಪ್ಪ ಲಗ್ನಪತ್ರಿಕೆಯನ್ನು ಶನಿವಾರದವರೆಗೆ ತಡೆದು ಇಟ್ಟುಕೊಂಡಿದ್ದಾನೆ. ಕರೆಯುವವರ ಹೆಸರಿನಲ್ಲಿ ಮೊದಲ ಸಾಲು ಖಾಲಿ ಬಿಡಿಸಿದ್ದೇನೆ. ಅಲ್ಲಿ ನಿನ್ನ ಹೆಸರು ಹಾಕಿಸಬಹುದು ಎಂದಾದರೆ ಅಷ್ಟರೊಳಗೆ ಒಂದು ಮಿಸ್ಡ್ ಕಾಲ್ ಕೊಡು. ಮಾತಾಡಬೇಕಾಗಿಲ್ಲ, ನಾನು ಎತ್ತುವುದಿಲ್ಲ.